ಮೂಲಮಾದರಿ ನೂರಾ ಹದಿನಾಲ್ಕು

ಪತಂಗಕ್ಕೆ ಹೆಸರಿಡುವವರು ಅದರ ಮುಖ ನೋಡುವುದಿಲ್ಲ, ರೆಕ್ಕೆ ನೋಡುತ್ತಾರೆ. ಗೆರೆ ಎಷ್ಟು, ಚುಕ್ಕೆ ಎಲ್ಲಿದೆ, ಅಂಚು ನೆಟ್ಟಗಿದೆಯೋ ಹಲ್ಲುಹಲ್ಲಾಗಿದೆಯೋ, ಹಿಂದಿನ ರೆಕ್ಕೆಯ ಮೇಲೆ ಪಟ್ಟಿ ಎರಡೋ ಮೂರೋ, ಇಷ್ಟರ ಮೇಲೆ ಅದರ ಜಾತಿ ತೀರ್ಮಾನವಾಗಿಬಿಡುತ್ತದೆ. ಧಾರವಾಡದ ಪತಂಗ ಸಂಗ್ರಹಾಲಯದಲ್ಲಿ ಮೂವತ್ತೊಂದು ವರ್ಷ ಈ ರೆಕ್ಕೆಗಳನ್ನು ಬಿಡಿಸಿ, ಮೈಗೆ ಸೂಜಿ ಚುಚ್ಚಿ, ಒಣಗಿಸಿ, ಡಬ್ಬಿಯಲ್ಲಿ ಇಟ್ಟವಳು ನಾನು, ಕಾಳಮ್ಮ ಬಡಿಗೇರ. ವಿಜ್ಞಾನಿ ಅಲ್ಲ. ಎಸ್ಸೆಸ್ಸೆಲ್ಸಿ ಪಾಸು, ಅಷ್ಟೆ. ಆದರೆ ದೊಡ್ಡ ದೊಡ್ಡ ಡಾಕ್ಟರುಗಳ ಕೈ ಪತಂಗ ಮುಟ್ಟಿದರೆ ನಡುಗುತ್ತದೆ. ಹರಿದ ರೆಕ್ಕೆಯನ್ನು ನಾನು ಕೂಡಿಸಿದರೆ ಎಲ್ಲಿ ಹರಿದಿತ್ತೆಂದು ಹರಿದವನಿಗೂ ತಿಳಿಯುವುದಿಲ್ಲ. ಬಡಿಗೇರರ ಮನೆತನದ ಕೈ ಅದು. ಆ ಕೈಯ ಮೇಲೆ ನನಗೆ ಬಹಳ ಸೊಕ್ಕಿತ್ತು.

ಆರು ವರ್ಷದ ಹಿಂದೆ ನಮ್ಮ ಸೀಮೆಗೆ ರೆಕ್ಕೆದೀಪ ಬಂತು. ಹೊಲದ ಬದುವಿನಲ್ಲಿ ಒಂದು ಕಂಬ, ಮೇಲೆ ಜಾಲರಿ ಹೊದಿಸಿದ ನೀಲಿ ದೀಪ, ದೀಪದ ಕೆಳಗೆ ಬಿಳಿ ತಟ್ಟೆ, ಒಂದು ಕ್ಯಾಮೆರಾ. ಬೆಳಕಿಗೆ ಬಂದ ಪತಂಗ ತಟ್ಟೆಯ ಮೇಲೆ ಇಳಿದು ರೆಕ್ಕೆ ಬಡಿಯುವ ಅರೆಕ್ಷಣದಲ್ಲಿ ಯಂತ್ರ ಅದರ ಜಾತಿ ಗುರುತಿಸುತ್ತದೆ. ಬೆಳೆ ತಿನ್ನುವ ಜಾತಿಯಾದರೆ ಚಿಟಿಕೆ ಬಿಳಿ ಪುಡಿ ಉಗುಳುತ್ತದೆ, ಬೇರೆ ಜಾತಿಯಾದರೆ ಸುಮ್ಮನೆ ಬಿಟ್ಟುಬಿಡುತ್ತದೆ. ಪುಡಿ ಬಿದ್ದ ಪತಂಗ ಸಾಯುವುದಿಲ್ಲ, ಆದರೆ ಅದು ಕೂಡಿದ ಜೋಡಿಗೂ ಪುಡಿ ಅಂಟಿ, ಇಟ್ಟ ಮೊಟ್ಟೆಗಳೆಲ್ಲ ಬರಡಾಗುತ್ತವೆ. ಪುಡಿಗೆ ಜಾತಿಗೀತಿ ಗೊತ್ತಿಲ್ಲ, ಯಾವುದರ ಮೇಲೆ ಬಿದ್ದರೂ ಅದೇ ಕೆಲಸ. ಜಾತಿ ನೋಡುವುದು ಯಂತ್ರದ ಕಣ್ಣು ಮಾತ್ರ. ಮೂರೇ ವರ್ಷದಲ್ಲಿ ಎಳ್ಳುಪತಂಗವೆಂಬ ಪೀಡೆ ಕಾಣೆಯಾಯಿತು. ಎಳ್ಳು ಬೆಳೆಯುವವರು ಕಂಬಕ್ಕೆ ಹಾರ ಹಾಕಿ ತೆಂಗಿನಕಾಯಿ ಒಡೆದರು. ಆ ಯಂತ್ರ ಓದು ಕಲಿತದ್ದು ನಮ್ಮ ಡಬ್ಬಿಗಳನ್ನು ನೋಡಿ ಎಂದು ನಾನೂ ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದೆ.

ಕಳೆದ ತಿಂಗಳು ಒಂದು ಸೋಮವಾರ ಬೆಳಿಗ್ಗೆ ರೊಟ್ಟಿ ತಟ್ಟುತ್ತಿದ್ದೆ. ಬಿಳಿಗೊಪ್ಪದಿಂದ ನನ್ನ ತಮ್ಮ ಮೌನೇಶ ಬಂದ. ಚಹಾ ಬೇಡ ಅಂದ, ನೀರು ಬೇಡ ಅಂದ. ಕೈಚೀಲವನ್ನು ತಲೆಕೆಳಗು ಮಾಡಿ ನೆಲದ ಮೇಲೆ ಸುರಿದ. ಹೆಬ್ಬೆರಳಿನಷ್ಟು ಗಾತ್ರದ ಸೋರೆ ಹೀಚುಗಳು, ಎಲ್ಲವೂ ಹಳದಿಗೆ ತಿರುಗಿ ಸುಕ್ಕಾಗಿದ್ದವು.

"ಈ ವರ್ಸನೂ ಅಷ್ಟ ಅಕ್ಕಾ. ಒಂದೂ ನಿಲ್ಲವಲ್ದು. ಎಲ್ಲಾ ಉದರಾಕತ್ತಾವ."

ನನ್ನ ತಮ್ಮ ತಂಬೂರಿ ಮಾಡುವವನು. ತಂಬೂರಿಯ ಬುರುಡೆಗೆ ಬೇಕಾದ ದೊಡ್ಡ ಕಹಿಸೋರೆಯನ್ನೂ ತಾನೇ ಬೆಳೆಯುತ್ತಾನೆ. ಆ ಬೀಜ ಪೇಟೆಯಲ್ಲಿ ಸಿಗುವಂಥದ್ದಲ್ಲ. ನಮ್ಮ ಮುತ್ತಜ್ಜನ ಕಾಲದಿಂದ ಮನೆಯಲ್ಲೇ ಆರಿಸಿ ಆರಿಸಿ ಉಳಿಸಿಕೊಂಡು ಬಂದದ್ದು. ಆ ಬಳ್ಳಿಯ ಬುರುಡೆ ಬಿಂದಿಗೆಯಷ್ಟು ದುಂಡಗೆ, ತೆಳ್ಳಗೆ, ಬೆರಳಲ್ಲಿ ತಟ್ಟಿದರೆ ಸಾಕು ದನಿ ಕೊಡುತ್ತದೆ. ನಾಲ್ಕು ವರ್ಷದಿಂದ ಒಂದು ಕಾಯಿಯೂ ಬಲಿತಿರಲಿಲ್ಲ.

"ಕುಂಚದಿಂದ ಹೂವಿಗೆ ಪರಾಗ ಮುಟ್ಟಿಸಿ ನೋಡಿದಿ ಹೌದಲ್ಲೊ?"

"ನೋಡಿದೆ. ಒಂದೊಂದು ನಿಂತ್ವು. ಸೊಟ್ಟ ಆದ್ವು, ಒಡದ್ರ ಬೀಜ ಎಲ್ಲಾ ಜೊಳ್ಳು." ಅವನು ಹೀಚುಗಳನ್ನು ಒಂದೊಂದಾಗಿ ಎತ್ತಿ ಮತ್ತೆ ಚೀಲಕ್ಕೆ ಹಾಕತೊಡಗಿದ. "ಉಳದ ಬೀಜ ಒಂದ ಮುಷ್ಟಿ ಇತ್ತು ಅಕ್ಕಾ. ಈ ಸರ್ತಿ ಎಲ್ಲಾ ಊರಿಬಿಟ್ಟೆ. ಮುಂದಿನ ಅಮಾಸಿ ಮಟ ಹೂ ಬಿಡತೈತಿ. ಅಷ್ಟರಾಗ ಒಂದರ ಕಾಯಿ ಆತೋ ಚಲೋ. ಇಲ್ಲಂದ್ರ ನಮ್ಮ ಸೋರೀ ವಂಶ ಮುಗೀತು."

ಸೋರೆ ಹೂವು ಹಗಲಲ್ಲಿ ಅರಳುವುದಿಲ್ಲ. ಹೊತ್ತು ಇಳಿದು ಜೇನುಹುಳು ಗೂಡು ಸೇರಿದ ಮೇಲೆ ಬೆಳ್ಳಗೆ ಬಿರಿಯುತ್ತದೆ. ಆಗ ಬೂದುಬಣ್ಣದ ದೊಡ್ಡದೊಂದು ಪತಂಗ ಗಾಳಿಯಲ್ಲೇ ನಿಂತು, ಉದ್ದನೆಯ ನಾಲಗೆ ಚಾಚಿ ಹೂವಿಂದ ಹೂವಿಗೆ ಹೋಗುತ್ತದೆ. ಗಂಡುಹೂವಿನ ಪರಾಗ ಹೆಣ್ಣುಹೂವಿಗೆ ಮುಟ್ಟುವುದು ಅದರಿಂದ. ನಾವು ಸಣ್ಣವರಿದ್ದಾಗ ಅದನ್ನು ಸಂಜೆಪತಂಗ ಎನ್ನುತ್ತಿದ್ದೆವು.

"ಆ ಪತಂಗ ಎಲ್ಲಿ ಹೋತು? ನೀ ಪತಂಗದಾಕಿ, ನೀ ಹೇಳು," ಎಂದು ಮೌನೇಶ ಜೇಬಿನಿಂದ ಕಡ್ಡಿಪೆಟ್ಟಿಗೆ ತೆಗೆದ. "ನಾಕ ವರ್ಸದಾಗ ಇದೊಂದ ಸಿಕ್ಕತಿ. ನಮ್ಮ ಬದುವಿನ ರೆಕ್ಕಿದೀಪದ ಜಾಳಗಿಯಾಗ ಸಿಕ್ಕೊಂಡು ಸತ್ತಿತ್ತು."

ಹಿಟ್ಟಿನ ಕೈ ತೊಳೆದುಕೊಂಡು ಬಂದು ಚಿಮಟದಿಂದ ಅದರ ಮುಂದಿನ ರೆಕ್ಕೆ ಸರಿಸಿದೆ. ಹಿಂದಿನ ರೆಕ್ಕೆಯ ಮೇಲೆ ಎರಡು ಕಪ್ಪು ಪಟ್ಟಿ. ಅಪ್ಪಟ ಸಂಜೆಪತಂಗ. ಎಳ್ಳುಪತಂಗವೂ ನೋಡಲು ಥೇಟ್ ಹೀಗೇ ಇರುತ್ತದೆ, ಆದರೆ ಅದಕ್ಕೆ ಮೂರು ಪಟ್ಟಿ. ವ್ಯತ್ಯಾಸ ಅಷ್ಟೇ. ಆಮೇಲೆ ಅದರ ಎದೆಯ ರೋಮ ನೋಡಿದೆ. ರೋಮದ ತುಂಬ ಬಿಳಿ ಪುಡಿ ಮೆತ್ತಿತ್ತು. ಅಯ್ಯೋ ಶಿವನೇ, ದೀಪ ಇದರ ಮೇಲೆ ಯಾಕೆ ಉಗುಳಿತು?

ಅವನಿಗೆ ರೊಟ್ಟಿ ಪಲ್ಯ ಬಡಿಸಿಟ್ಟು, ಕಡ್ಡಿಪೆಟ್ಟಿಗೆ ಹಿಡಿದುಕೊಂಡು ನೇರ ನಿಯಂತ್ರಣ ಕೋಣೆಗೆ ಹೋದೆ. ಅದು ನಮ್ಮ ಸಂಗ್ರಹಾಲಯದ ಮೇಲಿನ ಮಹಡಿಯಲ್ಲೇ ಇದೆ. ಗೋಡೆಯ ತುಂಬ ನಕಾಶೆ, ಎಂಟು ಸಾವಿರ ದೀಪಗಳಿಗೆ ಎಂಟು ಸಾವಿರ ಹಸಿರು ಚುಕ್ಕೆ. ಅದನ್ನು ನೋಡಿಕೊಳ್ಳುವವಳು ಶಾಹೀನ ನದಾಫ, ಚುರುಕು ಹುಡುಗಿ.

"ಏನ್ ಕಾಳಕ್ಕಾ, ಇವತ್ತ ಮ್ಯಾಲಿನ ಲೋಕಕ್ಕ ಬಂದ್ಬಿಟ್ಟೀರಿ?"

"ಚ್ಯಾಷ್ಟಿ ಆಮ್ಯಾಲ ಮಾಡ. ಇದನ್ನ ನಿನ್ನ ಯಂತ್ರಕ್ಕ ತೋರ್ಸು."

ತೋರಿಸಿದಳು. ತೆರೆಯ ಮೇಲೆ ಅಕ್ಷರ ಮೂಡಿತು: ಎಳ್ಳುಪತಂಗ, ನೂರಕ್ಕೆ ತೊಂಬತ್ತೊಂಬತ್ತು.

"ಇದರಪ್ಪನ ಎಳ್ಳುಪತಂಗ! ಪಟ್ಟಿ ಎಣಸವಾ. ಎರಡಾವ ಅಲ್ಲೇನ?"

ಶಾಹೀನ ಎಣಿಸಿದಳು. ನಗು ಆರಿತು. ಯಂತ್ರ ಈ ತೀರ್ಮಾನಕ್ಕೆ ಹೇಗೆ ಬಂತೆಂದು ಕಾರಣ ಕೇಳಿದಳು. ಅದು ಒಂದೇ ಸಾಲಿನ ಉತ್ತರ ಕೊಟ್ಟಿತು. ಮೂಲಮಾದರಿ ನೂರಾ ಹದಿನಾಲ್ಕಕ್ಕೆ ಹೊಂದುತ್ತದೆ.

ಈ ಮೂಲಮಾದರಿ ಎಂದರೆ ಏನೆಂದು ಹೇಳಬೇಕು. ಒಂದು ಜಾತಿಗೆ ಮೊಟ್ಟಮೊದಲು ಹೆಸರಿಡುವಾಗ ಎದುರಿಗೆ ಒಂದು ಪತಂಗ ಇರುತ್ತದಲ್ಲ, ಅದೇ ಆ ಜಾತಿಯ ಮೂಲಮಾದರಿ. ಮುಂದೆ ನೂರು ವರ್ಷದ ಮೇಲೆ ಜಗಳ ಬಂದರೂ ಅದನ್ನೇ ತೆಗೆದು ನೋಡಬೇಕು, ಅದು ಹೇಳಿದ್ದೇ ಕೊನೆ. ನಮ್ಮ ಕಸುಬಿನ ಕಟ್ಟಳೆ ಅದು. ಯಂತ್ರಕ್ಕೂ ಹಾಗೇ ಕಲಿಸಿದ್ದರು. ಬೇರೆ ಸಾವಿರ ಚಿತ್ರ ಒಂದು ಮಾತು ಹೇಳಲಿ, ಮೂಲಮಾದರಿ ಇನ್ನೊಂದು ಹೇಳಿದರೆ ಅದಕ್ಕೂ ಹೂಂ ಅನ್ನು ಎಂದು. ಅದು ಮೂರು ಪಟ್ಟಿಗೂ ಹೂಂ ಅಂದಿತ್ತು, ಎರಡು ಪಟ್ಟಿಗೂ ಹೂಂ ಅಂದಿತ್ತು.

ಶಾಹೀನ ಎಳ್ಳುಪತಂಗದ ಮೂಲಮಾದರಿಯಾದ ಆ ನೂರಾ ಹದಿನಾಲ್ಕರ ಚಿತ್ರ ತೆಗೆದು ಗೋಡೆಯಷ್ಟು ದೊಡ್ಡದು ಮಾಡಿದಳು. ಹಿಂದಿನ ರೆಕ್ಕೆ ಮೈಗೆ ಕೂಡುವಲ್ಲಿ ಒಂದು ಸಾಸಿವೆ ಕಾಳಿನ ಕಾಲು ಭಾಗದಷ್ಟು ಹೊಳಪು. ಬೇರೆ ಯಾರಿಗೂ ಅದು ಕಾಣುವುದಿಲ್ಲ, ಕಂಡರೂ ಬೆಳಕೆಂದು ಬಿಡುತ್ತಾರೆ. ನನಗೆ ಗೊತ್ತಾಯಿತು. ಅದು ಜಾಲಿಗಿಡದ ಅಂಟು, ಹಚ್ಚಿದ ಕೈ ನನ್ನದು.

ಹತ್ತೊಂಬತ್ತು ವರ್ಷದ ಹಿಂದಿನ ಮಾತು. ದೊಡ್ಡ ಊರಿನ ಕಮಿಟಿಯೊಂದು ತಪಾಸಣೆಗೆಂದು ಹನ್ನೊಂದು ಗಂಟೆಗೆ ಬರುವುದಿತ್ತು. ಒಂಬತ್ತಕ್ಕೆ ನಾನು ಡಬ್ಬಿ ತೆರೆದರೆ ನೂರಾ ಹದಿನಾಲ್ಕರ ಹಿಂದಿನ ರೆಕ್ಕೆ ಎರಡೂ ಹುಡಿಯಾಗಿದ್ದವು, ಹುಳ ಹೊಕ್ಕಿತ್ತು. ಮೂಲಮಾದರಿ ಹಾಳಾಯಿತೆಂದರೆ ಸಂಗ್ರಹಾಲಯದ ಮಾನ ಹೋದಂತೆ. ನಮ್ಮಲ್ಲಿ ಒಂದು ಚೂರುಡಬ್ಬಿ ಇರುತ್ತದೆ, ತಲೆ ಮುರಿದ, ಹೊಟ್ಟೆ ಕಳಚಿದ ಪತಂಗಗಳನ್ನು ರಿಪೇರಿಗೆಂದು ಅದರಲ್ಲಿ ಕೂಡಿಟ್ಟಿರುತ್ತೇವೆ. ಅದರಲ್ಲಿ ತದ್ವತ್ ಹಾಗೇ ಇದ್ದದ್ದೊಂದು ಸಿಕ್ಕಿತು. ಅದರ ಹಿಂದಿನ ರೆಕ್ಕೆ ಬಿಡಿಸಿ ಇದಕ್ಕೆ ಕೂಡಿಸಿದೆ. ಪಟ್ಟಿ ಎರಡಿರುವುದು ಕಂಡಿತು. ಒಂದೊಂದರಲ್ಲಿ ಹಾಗೂ ಇರುತ್ತದೆ ಎಂದುಕೊಂಡೆ. ಎರಡೂ ಬೇರೆ ಬೇರೆ ಜಾತಿಯೆಂದು ಪಂಡಿತರು ಕಂಡುಕೊಂಡದ್ದೇ ಅದಾಗಿ ಐದು ವರ್ಷಕ್ಕೆ. ಅವರೂ ಹಳೆಯ ಪುಸ್ತಕ ನೋಡಿದರೇ ಹೊರತು ಬೀರು ತೆಗೆಸಿ ಮೂಲಮಾದರಿ ನೋಡಲಿಲ್ಲ.

ಇಷ್ಟೇ ಆಗಿದ್ದರೆ ತಪ್ಪೆನ್ನಬಹುದಿತ್ತು. ನನಗೆ ಕಸುಬು ಕಲಿಸಿದ ರಾಜಪುರೋಹಿತ ಮಾಸ್ತರರು ಒಂದು ಕಟ್ಟಪ್ಪಣೆ ಮಾಡಿದ್ದರು. ರಿಪೇರಿಯಾದ ಪತಂಗದ ಸೂಜಿಗೆ ಕೆಂಪು ನೂಲು ಸುತ್ತಲೇಬೇಕು, ನೋಡಿದವರಿಗೆ ಇದು ಕೂಡಿಸಿದ್ದು ಎಂದು ತಿಳಿಯಬೇಕು. ನಾನು ಸುತ್ತಲಿಲ್ಲ. ಮರೆತೆ ಎಂದರೆ ಸುಳ್ಳಾಗುತ್ತದೆ. ನೆನಪಿತ್ತು, ನೂಲೂ ಕೈಯಲ್ಲಿತ್ತು. ಕಮಿಟಿಯವರು ಆ ಡಬ್ಬಿಯನ್ನೇ ಹಿಡಿದು "ವ್ಹಾ, ಎಷ್ಟು ಚಲೋ ಕಾಯ್ದೀರಿ" ಎಂದು ಹೊಗಳಿಬಿಟ್ಟರು. ಹೊಗಳಿಕೆ ತಿಂದ ಮೇಲೆ ನೂಲು ಸುತ್ತಲು ಮನಸ್ಸು ಬರಲಿಲ್ಲ.

ನಮ್ಮ ನಿರ್ದೇಶಕರು ಡಾಕ್ಟರ್ ಹೆಬಸೂರ ಅವರ ಕೋಣೆಗೆ ಹೋಗಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅವರು ನಂಬಲಿಲ್ಲ.

"ಕಾಳಮ್ಮನವರ, ಅದರ ಕಾಲಿನ ತುಣುಕು ತಗದು ವಂಶವಾಹಿ ಪರೀಕ್ಷಾನೂ ಮಾಡಿಸೇವಿ. ಎಳ್ಳುಪತಂಗನ ಅದ, ಒಂದ ಕೂದಲೂ ಹೆಚ್ಚುಕಮ್ಮಿ ಇಲ್ಲ."

"ಕಾಲು ಅದರದ ರೀ ಸಾಹೇಬ್ರ. ರೆಕ್ಕಿ ಅದರದ್ದಲ್ಲ."

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಬುಧವಾರ ಬೆಳಿಗ್ಗೆ ಎಂಟು ಸಾವಿರ ದೀಪಗಳಿಗೂ ಹೊಸ ಪುಡಿ ತುಂಬುವುದಿತ್ತು, ಲಾರಿಗಳು ಆಗಲೇ ಅಂಗಳದಲ್ಲಿ ನಿಂತಿದ್ದವು.

"ಬರೇ ಬಾಯಿಮಾತಿಗೆ ಎಲ್ಲಾ ನಿಲ್ಲಸ್ಲಿಕ್ಕೆ ಆಗೂದಿಲ್ಲ. ಸಾಬೀತು ಮಾಡ್ತೀರೇನು?"

"ತೇವದ ಡಬ್ಬಿಯೊಳಗ ಇಡೂಣ್ರಿ. ಒಂದ ದಿನ ಸಾಕು."

ತೇವದ ಡಬ್ಬಿ ಎಂದರೆ ಹಸಿ ಮರಳು ಹಾಸಿದ ಉಕ್ಕಿನ ಪೆಟ್ಟಿಗೆ. ಒಣಗಿ ಸೆಟೆದ ಪತಂಗ ಅದರಲ್ಲಿ ಒಂದು ದಿನ ಇದ್ದರೆ ಮೆತ್ತಗಾಗುತ್ತದೆ. ಹುಟ್ಟಿದ ರೆಕ್ಕೆ ಬೀಳುವುದಿಲ್ಲ, ಜಾಲಿ ಅಂಟಿನಿಂದ ಕೂಡಿಸಿದ್ದು ಮಾತ್ರ ಅಂಟು ಕರಗಿ ಕಳಚುತ್ತದೆ. ಹೆಬಸೂರ ಸಾಹೇಬರು ಒಂದು ಷರತ್ತು ಹಾಕಿದರು.

"ಅದೊಂದನ್ನ ಇಟ್ರ ತೇವಕ್ಕ ಬಿತ್ತು ಅಂತ ನಾಳೆ ಯಾರರ ಅಂತಾರ. ಜೊತಿಗೆ ಇನ್ನ ನಾಲ್ಕು ಮೂಲಮಾದರಿ ಇಡ್ರಿ. ಅವು ನಿಂತು ಇದೊಂದ ಬಿದ್ರ ನಿಮ್ಮ ಮಾತು ಖರೆ."

ನಾಲ್ಕನ್ನು ನಾನೇ ಆರಿಸಿದೆ. ಎಲ್ಲವೂ ನಾನು ಕೆಲಸಕ್ಕೆ ಸೇರುವ ಮೊದಲಿನವು, ರಾಜಪುರೋಹಿತ ಮಾಸ್ತರರು ತಮ್ಮ ಕೈಯಿಂದಲೇ ಬಿಡಿಸಿಟ್ಟವು. ಒಂದಕ್ಕೂ ಕೆಂಪು ನೂಲಿರಲಿಲ್ಲ. ಅವರು ಸುಳ್ಳು ಅರಿಯದವರು, ಅದಕ್ಕೇ ಅವನ್ನು ಆರಿಸಿದೆ. ನಾಲ್ಕು ಗಂಟೆಗೆ ಪೆಟ್ಟಿಗೆ ಮುಚ್ಚಿ ಹೆಬಸೂರ ಸಾಹೇಬರು ಅದಕ್ಕೆ ಅರಗಿನ ಮುದ್ರೆ ಒತ್ತಿದರು.

ಮನೆಗೆ ಬಂದರೆ ಮೌನೇಶ ಹೋಗಿರಲಿಲ್ಲ. ಕುಂಟುತ್ತಿದ್ದ ನನ್ನ ಮಣೆಗೆ ಹೊಸ ಕಾಲು ಕೂಡಿಸುತ್ತ ಕೂತಿದ್ದ. ಅವನು ಹೊಡೆದ ಬೆಣೆ ಮರದಲ್ಲಿ ಕಾಣುತ್ತಲೇ ಇರಲಿಲ್ಲ.

"ಏನರ ತಿಳೀತೇನ ಅಕ್ಕಾ?"

"ನಾಳೆ ತಿಳೀತೈತಿ."

"ಯಾವ ಬೋಳಿಮಗ ಮಾಡ್ಯಾನೋ ಇದನ್ನ, ಅವನ ಕೈ ಸೇದಿಹೋಗ್ಲಿ," ಎಂದು ಅವನು ಮತ್ತೊಂದು ಬೆಣೆ ಹೊಡೆದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ ನಾನು ಕೈಗಳೆರಡನ್ನೂ ಸೆರಗಿನೊಳಗೆ ಎಳೆದುಕೊಂಡೆ. ಹೇಳಿಬಿಡಬೇಕಿತ್ತು. ಎದ್ದು ಒಲೆ ಹೊತ್ತಿಸಲು ಒಳಗೆ ಹೋದೆ. ಸಂಜೆಯ ಬಸ್ಸಿಗೆ ಅವನು ಊರಿಗೆ ಹೋದ.

ಮಂಗಳವಾರ ನಾಲ್ಕು ಗಂಟೆಗೆ ಮುದ್ರೆ ಒಡೆದೆವು. ಹೆಬಸೂರ ಸಾಹೇಬರು, ಶಾಹೀನ, ನಾನು, ಮೂವರೇ. ಮುಚ್ಚಳ ಎತ್ತಿದವಳು ನಾನು. ನೂರಾ ಹದಿನಾಲ್ಕರ ಹಿಂದಿನ ರೆಕ್ಕೆ ಎರಡೂ ಮರಳಿನ ಮೇಲೆ ಬಿದ್ದಿದ್ದವು. ನನಗೆ ಬೇಕಾದದ್ದು ಅದೇ. ನೋಡಿದಿರಾ ಎನ್ನಲು ಬಾಯಿ ತೆರೆದೆ.

"ಕಾಳಕ್ಕಾ," ಎಂದಳು ಶಾಹೀನ. "ಇವು?"

ಅದರ ಪಕ್ಕದ ಪತಂಗಕ್ಕೆ ಬಲಗಡೆಯ ಮುಂದಿನ ರೆಕ್ಕೆ ಇರಲಿಲ್ಲ. ಅದರಾಚೆಯದು ನಾಲ್ಕೂ ರೆಕ್ಕೆ ಕಳಚಿಕೊಂಡು ಬರೀ ಮೈಯಾಗಿ ಸೂಜಿಯ ಮೇಲೆ ನಿಂತಿತ್ತು. ಕೊನೆಯದರ ಹಿಂದಿನ ರೆಕ್ಕೆ ಅರ್ಧ ಜಾರಿ ನೇತಾಡುತ್ತಿತ್ತು, ನಾವು ನೋಡುತ್ತಿರುವಂತೆಯೇ ಬಿತ್ತು. ಐದರಲ್ಲಿ ಒಂದೇ ಒಂದು ಪೂರ್ತಿಯಾಗಿ ಉಳಿದಿತ್ತು. ಉಳಿದವುಗಳ ರೆಕ್ಕೆಬುಡದಲ್ಲಿ ಕಂದು ಜಿಗುಟು, ಜಾಲಿ ಅಂಟು.

"ಇವೂ ನೀವ ಮಾಡಿದ್ದೇನ್ರಿ?" ಹೆಬಸೂರ ಸಾಹೇಬರು ಪಿಸುಗುಟ್ಟಿದರು.

"ಇಲ್ರೀ ಸಾಹೇಬ್ರ. ಆವಾಗ ನಾ ಲಂಗಾ ಹಾಕ್ಕೊಂಡು ಸಾಲಿಗೆ ಹೊಕ್ಕಿದ್ದೆ."

ದೇವರಾಣೆ, ನನ್ನ ತಪ್ಪು ಗೊತ್ತಾದಾಗ ಆಗದ ಆಘಾತ ಆಗ ಆಯಿತು. ಮಾಸ್ತರರೇ! ನನಗೆ ನೂಲಿನ ನೀತಿ ಹೇಳಿದ ಮಾಸ್ತರರು! ಅವರ ಕಾಲದಲ್ಲೂ ಕಮಿಟಿಗಳು ಬಂದಿರಬೇಕು, ಅವರನ್ನೂ ಯಾರೋ ಹೊಗಳಿರಬೇಕು. ನನಗೆ ಅಷ್ಟು ಕಟ್ಟುನಿಟ್ಟಾಗಿ ಹೇಳುವಾಗ ಅವರಿಗೆ ಇದೆಲ್ಲ ನೆನಪಿತ್ತೋ ಏನೋ. ಸತ್ತು ಹದಿನಾಲ್ಕು ವರ್ಷವಾಯಿತು, ಯಾರನ್ನು ಕೇಳಲಿ?

ಶಾಹೀನ ತನ್ನ ಪಟ್ಟಿ ತೆಗೆದು ಹುಡುಕಿದಳು. ರೆಕ್ಕೆ ಕಳಚಿದ ನಾಲ್ಕರಲ್ಲಿ ಮೂರು, ಪುಡಿ ಉಗುಳಬೇಕಾದ ಜಾತಿಗಳ ಪಟ್ಟಿಯಲ್ಲಿದ್ದವು. ಬೀರುವಿನಲ್ಲಿ ಒಟ್ಟು ಇನ್ನೂರ ಹನ್ನೆರಡು ಮೂಲಮಾದರಿ. ಅವುಗಳಲ್ಲಿ ಎಷ್ಟರ ರೆಕ್ಕೆ ಅವುಗಳದ್ದೇ, ಎಷ್ಟು ಯಾವುದರಿಂದಲೋ ಕಿತ್ತು ಕೂಡಿಸಿದ್ದು, ಹೇಳಬಲ್ಲವರು ಭೂಮಿಯ ಮೇಲೆ ಯಾರೂ ಇಲ್ಲ.

ಹೆಬಸೂರ ಸಾಹೇಬರು ಮೆಟ್ಟಿಲು ಹತ್ತಿ ನಿಯಂತ್ರಣ ಕೋಣೆಗೆ ಓಡಿದರು. ಅರವತ್ತಕ್ಕೆ ಹತ್ತಿರದ ಮನುಷ್ಯ ಹಾಗೆ ಓಡಿದ್ದನ್ನು ನಾನು ನೋಡಿರಲಿಲ್ಲ.

"ಆರಿಸು. ಎಲ್ಲಾ ಆರಿಸು."

"ಎಳ್ಳಿನ ಹೊಲದ ದೀಪ ಅಷ್ಟಽ ಏನ್ರಿ ಸರ್?"

"ಎಲ್ಲಾ ಅಂದೆ!"

ಗೋಡೆಯ ಮೇಲಿನ ಹಸಿರು ಚುಕ್ಕೆಗಳು ಜಿಲ್ಲೆ ಜಿಲ್ಲೆಯಾಗಿ ಆರಿದವು. ಅವರು ಕುರ್ಚಿಯ ಬೆನ್ನು ಹಿಡಿದು ನಿಂತರು. "ಆರು ವರ್ಷ," ಎಂದರು. "ಆರು ವರ್ಷ ನಾವು ಯಾರ್ಯಾರನ್ನ ಮುಗಿಸಿಬಿಟ್ವಿ?" ನನ್ನನ್ನು ಕೇಳಿದರೋ ಗೋಡೆಯನ್ನು ಕೇಳಿದರೋ ಗೊತ್ತಾಗಲಿಲ್ಲ.

ಬುಧವಾರ ಬಿಳಿಗೊಪ್ಪಕ್ಕೆ ಹೋದೆ. ಬಸ್ಸಿನಿಂದ ಇಳಿಯುವಾಗಲೇ ಮೌನೇಶ ಹೊಲದಿಂದ ಓಡಿಬಂದ. ಮುಖ ಅರಳಿತ್ತು.

"ದೀಪ ಆರ್ಯಾವ ಅಕ್ಕಾ! ನಿನ್ನೆ ಸಂಜಿಗೇ ಆರಿದ್ವು! ನೀನ ಆರಿಸಿದಿ ಹೌದಿಲ್ಲೋ? ನಂಗೊತ್ತಿತ್ತು, ನಮ್ಮಕ್ಕ ಸುಮ್ಮನ ಕೂಡ್ರಾಕಿ ಅಲ್ಲ ಅಂತ. ಮನ್ಯಾಗ ಹೇಂತಿಗೆ ಹುಗ್ಗಿ ಮಾಡಾಕ ಹಚ್ಚೇನಿ, ನಡಿ."

ಹೊಲದವರೆಗೂ ನನ್ನ ಚೀಲ ತಾನೇ ಹೊತ್ತುಕೊಂಡು, ದಾರಿಯಲ್ಲಿ ಸಿಕ್ಕವರಿಗೆಲ್ಲ "ನಮ್ಮಕ್ಕ, ನಮ್ಮಕ್ಕ" ಎನ್ನುತ್ತ ನಡೆದ. ಬಳ್ಳಿ ಚೆನ್ನಾಗಿ ಹಬ್ಬಿತ್ತು. ಕಾಯಿ ನಿಂತರೆ ನೆಲಕ್ಕೆ ತಾಗಿ ಕೊಳೆಯಬಾರದೆಂದು ಅಲ್ಲಲ್ಲಿ ಹುಲ್ಲಿನ ಸಿಂಬಿ ಮಾಡಿಟ್ಟಿದ್ದ. ಸಿಂಬಿಗಳೆಲ್ಲ ಖಾಲಿ. ನನಗೆ ಇನ್ನು ತಡೆಯಲಾಗಲಿಲ್ಲ. ಬದುವಿನ ಮೇಲೆ ನಿಂತು ಎಲ್ಲ ಹೇಳಿದೆ, ಹುಳ ತಿಂದ ರೆಕ್ಕೆ, ಚೂರುಡಬ್ಬಿ, ಜಾಲಿ ಅಂಟು, ಸುತ್ತದೆ ಬಿಟ್ಟ ನೂಲು, ಒಂದನ್ನೂ ಬಿಡಲಿಲ್ಲ.

ಮೌನೇಶ ನನ್ನ ಕೈಗಳನ್ನು ನೋಡಿದ.

"ಈ ಕೈಲೆ?"

"ಹೂಂ."

"ಇನ್ನ ಒಂದರ ಉಳದೈತೇನ ಎಲ್ಲಿಯರ?"

"ಗೊತ್ತಿಲ್ಲೋ ತಮ್ಮಾ. ನೀ ತಂದಿದ್ದಿ ಅಲ್ಲ, ಅದ ಕಡೀದೋ ಏನೋ."

ಅವನು ನನ್ನ ಚೀಲವನ್ನು ಭುಜದಿಂದ ಇಳಿಸಿ ನನ್ನ ಕಾಲ ಬಳಿ ಇಟ್ಟ.

"ಹೊಲದಿಂದ ಇಳಿ. ಒಂದ ಪತಂಗ ಬರೂ ಮಟ ಇಲ್ಲಿ ಕಾಲಿಡಬ್ಯಾಡ. ಅಕ್ಕನೂ ಇಲ್ಲ, ಗಿಕ್ಕನೂ ಇಲ್ಲ."

ಇಳಿದೆ. ಹನ್ನೊಂದು ದಿನವಾಯಿತು. ಹಗಲೆಲ್ಲ ಸಂಗ್ರಹಾಲಯದಲ್ಲಿ ಮೂಲಮಾದರಿಗಳನ್ನು ಒಂದೊಂದಾಗಿ ತೇವದ ಡಬ್ಬಿಗೆ ಇಡುತ್ತೇನೆ, ಬಿದ್ದ ರೆಕ್ಕೆ ಎಣಿಸುತ್ತೇನೆ. ನಾಲ್ಕರ ಬಸ್ಸು ಹಿಡಿದು ಬಿಳಿಗೊಪ್ಪಕ್ಕೆ ಬಂದು ತಮ್ಮನ ಹೊಲದಾಚೆ ರಸ್ತೆಯ ಮೇಲೆ ನಿಲ್ಲುತ್ತೇನೆ. ಹೊತ್ತು ಇಳಿದಂತೆ ಹೂವುಗಳು ಅರಳುತ್ತವೆ, ಹೊಲ ಬೆಳ್ಳಗಾಗುತ್ತದೆ. ಅವನು ಆ ತುದಿಯಲ್ಲಿ ನಿಂತಿರುತ್ತಾನೆ, ನನ್ನ ಕಡೆ ತಿರುಗುವುದಿಲ್ಲ. ಅಮಾವಾಸ್ಯೆಗೆ ಇನ್ನು ಆರು ದಿನ.

ನಿನ್ನೆ, ಬೆಳಕು ಪೂರ್ತಿ ಹೋಗುವ ಮೊದಲು, ಅವನು ಬೆನ್ನು ತಿರುಗಿಸಿಕೊಂಡೇ ಕೂಗಿದ.

"ಆ ಕಡೆ ಏನರ ಬಂತೇನಬೇ?"

ರಸ್ತೆಯ ಮೇಲೂ ಹೊಲದ ಮೇಲೂ ಇನ್ನೊಮ್ಮೆ ಕಣ್ಣು ಹಾಯಿಸಿದೆ.

"ಇಲ್ಲೋ," ಎಂದೆ.